ಒಂದು ಯೂನಿಟ್‌ಗೆ ಎಷ್ಟು ದೂರ? ಓಡಾಟಕ್ಕೂ ಮೋಜಿಗೂ ಕರೆಂಟ್ ಬಳಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಪೆಟ್ರೋಲ್ ಬಿಟ್ಟು ಕರೆಂಟ್‌ಗೆ ಬರಬೇಕು ಅಂದುಕೊಂಡವರು ಕೇಳುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಥರ ಇರುತ್ತವೆ. ಅವನ್ನೆಲ್ಲ ಇಲ್ಲಿ ಒಂದೆಡೆ ಸೇರಿಸಿದ್ದೇನೆ. ದಿನದ ಓಡಾಟದ ಜೊತೆ ದೋಣಿ, ಕ್ಯಾಂಪಿಂಗ್, ಗುಡ್ಡ ಹತ್ತುವ ಬೈಕ್ ಕೂಡ ಇವೆ. ರಜೆಯಲ್ಲಿ ಸುಟ್ಟ ಪೆಟ್ರೋಲಿನ ಲೆಕ್ಕ ಯಾರೂ ಇಡುವುದಿಲ್ಲ, ಅದಕ್ಕೆ. ಎಲ್ಲ ಕಡೆ ಅಳತೆ ‘ಯೂನಿಟ್’ನಲ್ಲಿದೆ. ಕರೆಂಟ್ ಬಿಲ್‌ನಲ್ಲಿ ಬರುವ ಅದೇ ಯೂನಿಟ್. 1,000 ವ್ಯಾಟ್‌ನ ಹೀಟರ್ ಒಂದು ಗಂಟೆ ಉರಿದರೆ ಒಂದು ಯೂನಿಟ್.

ಪೆಟ್ರೋಲೂ ಶಕ್ತಿ, ಕರೆಂಟೂ ಶಕ್ತಿ. ಬದಲಿಸಿದರೆ ಉಳಿಯೋದು ಏನು?

ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇದೆ. ಕಡಿಮೆಯೇನಲ್ಲ. ಆದರೆ ಎಂಜಿನ್ ಅದರಲ್ಲಿ ಕಾಲು ಭಾಗವನ್ನು ಮಾತ್ರ ಚಕ್ರಕ್ಕೆ ಮುಟ್ಟಿಸುತ್ತದೆ. ಉಳಿದದ್ದು ಸೈಲೆನ್ಸರ್‌ನಲ್ಲಿ, ರೇಡಿಯೇಟರ್‌ನಲ್ಲಿ ಬಿಸಿಯಾಗಿ ಹೋಗುತ್ತದೆ. ಬಿಸಿ ಎಂಜಿನ್ ಮೇಲೆ ಕೈ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲೆಕ್ಟ್ರಿಕ್ ಮೋಟರ್ ಬ್ಯಾಟರಿಯಲ್ಲಿದ್ದ ಶಕ್ತಿಯಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿಯನ್ನು ಚಕ್ರಕ್ಕೆ ಕೊಡುತ್ತದೆ. ಬ್ರೇಕ್ ಹಾಕಿದಾಗ ಸ್ವಲ್ಪ ವಾಪಸ್ ಕೂಡ ತುಂಬಿಕೊಳ್ಳುತ್ತದೆ.

ಆ ಕರೆಂಟೇ ಕಲ್ಲಿದ್ದಲು ಸುಟ್ಟು ಬಂದಿದ್ದರೆ?

ಎಲ್ಲರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ‘ಹೊಗೆಯೇ ಇಲ್ಲ’ ಅನ್ನುವ ಜಾಹೀರಾತಿಗೆ ಮರುಳಾಗಬೇಡಿ. ಲೆಕ್ಕ ಹಾಕಿಯೇ ನೋಡೋಣ.

ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಡೀಸೆಲ್ ಆದರೆ 2.7 ಕಿಲೋ. ಕಲ್ಲಿದ್ದಲಿನಿಂದ ಒಂದು ಯೂನಿಟ್ ಕರೆಂಟ್ ಮಾಡಿದರೆ ಹೆಚ್ಚುಕಡಿಮೆ 1 ಕಿಲೋ. ಈಗ ಲೀಟರ್‌ಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರನ್ನು ತೆಗೆದುಕೊಳ್ಳಿ. ಕಿಲೋಮೀಟರ್‌ಗೆ 150 ಗ್ರಾಂ ಆಯಿತು. ಕಚ್ಚಾ ತೈಲ ತೆಗೆದು ಶುದ್ಧ ಮಾಡುವಾಗ ಬರುವ ಇಂಗಾಲವನ್ನೂ ಸೇರಿಸಿದರೆ ಇನ್ನೂ ಐದನೇ ಒಂದು ಭಾಗ ಏರಿ 180 ಗ್ರಾಂ ಆಗುತ್ತದೆ. ಎಲೆಕ್ಟ್ರಿಕ್ ಕಾರು ಚಾರ್ಜಿಂಗ್‌ನಲ್ಲಿ ಹೋಗುವ ನಷ್ಟವೂ ಸೇರಿ ಕಿಲೋಮೀಟರ್‌ಗೆ 0.18 ಯೂನಿಟ್ ತಿನ್ನುತ್ತದೆ. ಬರೀ ಕಲ್ಲಿದ್ದಲಿನ ಕರೆಂಟ್ ಆದರೆ 180 ಗ್ರಾಂ. ಅಂದರೆ ಎರಡೂ ಸರಿಸಮ. ಬೀದಿಯ ಹೊಗೆ ಕಡಿಮೆಯಾಯಿತು ಅಷ್ಟೇ, ಭೂಮಿಗೆ ಲಾಭ ಇಲ್ಲ.

ಆದರೆ ಬರೀ ಕಲ್ಲಿದ್ದಲಿನ ಮೇಲೆ ನಡೆಯುವ ಕರೆಂಟ್ ಜಾಲ ಅಪರೂಪ. ಅರ್ಧದಷ್ಟು ಕರೆಂಟ್ ನೀರು, ಗಾಳಿ, ಬಿಸಿಲಿನಿಂದ ಬಂದರೆ ಕಾರಿನ ಲೆಕ್ಕವೂ ಅರ್ಧಕ್ಕೆ ಇಳಿಯುತ್ತದೆ. ನಾರ್ವೆಯ ಕರೆಂಟ್ ಬಹುಪಾಲು ಜಲವಿದ್ಯುತ್. 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ 89ರಷ್ಟು ಪೂರ್ತಿ ಎಲೆಕ್ಟ್ರಿಕ್. ಅಲ್ಲಿ ಉಳಿತಾಯ ನಿಜಕ್ಕೂ ದೊಡ್ಡದು. ಇನ್ನೊಂದು ವಿಷಯ. ಪೆಟ್ರೋಲ್ ಕಾರು ಹಳೆಯದಾದಂತೆ ಹೊಗೆ ಕಮ್ಮಿಯಾಗುವುದಿಲ್ಲ. ಕರೆಂಟ್ ಜಾಲ ವರ್ಷ ವರ್ಷಕ್ಕೆ ಶುದ್ಧವಾಗುತ್ತಾ ಹೋದರೆ ನಿಮ್ಮ ಹಳೇ ಎಲೆಕ್ಟ್ರಿಕ್ ಕಾರೂ ಅದರ ಜೊತೆಗೇ ಶುದ್ಧವಾಗುತ್ತದೆ.

ಒಂದು ಯೂನಿಟ್‌ನಲ್ಲಿ ಎಷ್ಟು ದೂರ ಹೋಗಬಹುದು?

ಇ-ಸೈಕಲ್‌ನಲ್ಲಿ 80 ಕಿಲೋಮೀಟರ್. ಎಲೆಕ್ಟ್ರಿಕ್ ಸ್ಕೂಟರ್‌ನಲ್ಲಿ 30. ಕಾರಿನಲ್ಲಿ, ಚಾರ್ಜಿಂಗ್ ನಷ್ಟ ಬಿಟ್ಟರೆ, 6 ಅಥವಾ 7. ಇವು ಅಂದಾಜು. ತೂಕ, ವೇಗ, ಏರು ನೋಡಿಕೊಂಡು ಹೆಚ್ಚುಕಮ್ಮಿ ಆಗುತ್ತವೆ.

ಈ ಮೂರು ಅಂಕಿಗಳನ್ನು ಸ್ವಲ್ಪ ಹೊತ್ತು ನೋಡಿ. ಪೆಟ್ರೋಲಾ ಕರೆಂಟಾ ಅನ್ನುವ ಜಗಳಕ್ಕಿಂತ ಗಾಡಿ ಎಷ್ಟು ದೊಡ್ಡದು ಅನ್ನುವುದೇ ದೊಡ್ಡ ವಿಷಯ, ಅಲ್ವಾ? 65 ಕಿಲೋ ಮನುಷ್ಯನನ್ನು ಸಾಗಿಸಲು 1,500 ಕಿಲೋ ಲೋಹ ಓಡುತ್ತದೆ. ಮೂಗಿಗಿಂತ ಮೂಗುತಿ ಭಾರ ಅಂದರೆ ಇದೇ. ಕಲ್ಲಿದ್ದಲಿನ ಕರೆಂಟ್‌ನಲ್ಲೇ ಓಡಿಸಿದರೂ ಇ-ಸೈಕಲ್ ಲೆಕ್ಕ ಕಿಲೋಮೀಟರ್‌ಗೆ 12 ಅಥವಾ 13 ಗ್ರಾಂ ಮಾತ್ರ. ಸ್ಕೂಟರ್‌ಗೆ 35 ಗ್ರಾಂ. ಲೀಟರ್‌ಗೆ 45 ಕೊಡುವ ಪೆಟ್ರೋಲ್ ಸ್ಕೂಟರ್ 50 ಗ್ರಾಂ ದಾಟುತ್ತದೆ. ಅಂದರೆ ಚಿಕ್ಕ ಗಾಡಿ ಯಾವ ಕರೆಂಟ್‌ನಲ್ಲೂ ಗೆಲ್ಲುತ್ತದೆ. ದೊಡ್ಡ ಗಾಡಿ ಗೆಲ್ಲಬೇಕಾದರೆ ಶುದ್ಧ ಕರೆಂಟ್ ಬೇಕೇ ಬೇಕು.

ಮನೆಯಲ್ಲಿ ಕಾರೂ ಇದೆ, ಸ್ಕೂಟರೂ ಇದೆ. ಮೊದಲು ಯಾವುದನ್ನು ಬದಲಿಸಲಿ?

ಗಾಡಿಯನ್ನಲ್ಲ, ಮೊದಲು ಓಡಾಟವನ್ನು ನೋಡಿ. ಒಂದು ವಾರ ಚೀಟಿ ಇಟ್ಟುಕೊಳ್ಳಿ. ಎಲ್ಲಿಗೆ ಹೋದೆ, ಎಷ್ಟು ದೂರ, ಜೊತೆಗೆ ಯಾರಿದ್ದರು, ಎಷ್ಟು ಸಾಮಾನು ಇತ್ತು. ಮೂರು, ನಾಲ್ಕು ಕಿಲೋಮೀಟರಿನ ಒಂಟಿ ಓಡಾಟಗಳೇ ಸಾಲುಸಾಲಾಗಿ ಕಾಣಿಸಬಹುದು. ಎಂಜಿನ್‌ಗೆ ಅತಿ ದುಬಾರಿ ಓಡಾಟ ಅದೇ. ತಣ್ಣಗಿನ ಎಂಜಿನ್ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ. ಅದು ಬಿಸಿಯಾಗುವಷ್ಟರಲ್ಲಿ ನೀವು ಇಳಿದು ಹೋಗಿರುತ್ತೀರಿ. ಹೊಗೆ ಶುದ್ಧ ಮಾಡುವ ಕನ್ವರ್ಟರ್ ಕೂಡ ಬಿಸಿಯಾಗದೆ ಕೆಲಸ ಮಾಡುವುದಿಲ್ಲ. ಈ ಓಡಾಟಗಳನ್ನು ಇ-ಸೈಕಲ್‌ಗೋ ಸ್ಕೂಟರ್‌ಗೋ ಹಾಕಿ. ನಡೆದು ಹೋಗುವಂತಿದ್ದರೆ ನಡೆಯಿರಿ, ಅದಕ್ಕೆ ಯೂನಿಟ್ ಲೆಕ್ಕವೇ ಬೇಡ. ಕಾರನ್ನು ಆಮೇಲೆ ನೋಡೋಣ.

ಇ-ಸೈಕಲ್ ಸೋಮಾರಿಗಳ ಸೈಕಲ್ ಅಂತಾರಲ್ಲ?

ಅನ್ನಲಿ ಬಿಡಿ. ಪೆಡಲ್ ಅಸಿಸ್ಟ್ ಸೈಕಲ್‌ನಲ್ಲಿ ನೀವು ತುಳಿದರೆ ಮಾತ್ರ ಮೋಟರ್ ಕೈಜೋಡಿಸುತ್ತದೆ. ಯುರೋಪಿನ ನಿಯಮದಲ್ಲಿ ಮೋಟರ್ 250 ವ್ಯಾಟ್ ದಾಟುವಂತಿಲ್ಲ. ವೇಗ ಗಂಟೆಗೆ 25 ಕಿಲೋಮೀಟರ್ ಮುಟ್ಟಿದರೆ ಅದು ತಾನೇ ಸುಮ್ಮನಾಗಬೇಕು. ಬೆವರು ಕಡಿಮೆ, ಆದರೆ ಕಾಲಿಗೆ ಕೆಲಸ ಇದ್ದೇ ಇರುತ್ತದೆ. ಇಲ್ಲಿ ಹೋಲಿಸಬೇಕಾದದ್ದು ಮಾಮೂಲಿ ಸೈಕಲ್ ಜೊತೆ ಅಲ್ಲ. ಏರು ಇದೆ, ಬಿಸಿಲಿದೆ, ಮಂಡಿ ನೋವಿದೆ ಅಂತ ಮೂಲೆಯಲ್ಲಿ ಧೂಳು ಹಿಡಿದಿರುವ ಸೈಕಲ್ ಜೊತೆ.

ಕೊಳ್ಳುವಾಗ ಮೋಟರಿನ ವ್ಯಾಟ್ ಮಾತ್ರ ನೋಡಬೇಡಿ. ಬ್ರೇಕ್ ನೋಡಿ. ಬ್ಯಾಟರಿ ಬಿಚ್ಚಿ ಮನೆಯೊಳಗೆ ಒಯ್ಯುವ ಹಾಗಿದೆಯೇ ನೋಡಿ. ಬ್ಯಾಟರಿ ಖಾಲಿಯಾದಾಗ ಸುಮ್ನೆ ತುಳಿದುಕೊಂಡು ಮನೆ ಸೇರಲು ಆಗುತ್ತದೆಯೇ ಅಂತ ಅಂಗಡಿಯ ಮುಂದೆಯೇ ಮೋಟರ್ ಆಫ್ ಮಾಡಿ ತುಳಿದು ನೋಡಿ. ನಾನು ಹೀಗೆ ನೋಡದೆ ತಂದ ಒಂದು ಸೈಕಲ್ ಅನ್ನು ಎರಡು ಸಲ ತಳ್ಳಿಕೊಂಡು ಬಂದಿದ್ದೇನೆ.

ಹೇಳಿದಷ್ಟು ರೇಂಜ್ ಯಾಕೆ ಸಿಗೋದಿಲ್ಲ?

ರೇಂಜ್ ಅಂದರೆ ಒಂದು ಫುಲ್ ಚಾರ್ಜ್‌ನಲ್ಲಿ ಹೋಗುವ ದೂರ. ಕಂಪನಿ ಹೇಳುವುದು ಪರೀಕ್ಷೆಯ ಅಂಕಿ, ನಿಮ್ಮ ರಸ್ತೆಯದಲ್ಲ. ಮುಖ್ಯ ಕಳ್ಳ ಗಾಳಿ. ವೇಗ 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಕಾರಿನ ನೆತ್ತಿಯ ಮೇಲೆ ಖಾಲಿ ಕ್ಯಾರಿಯರ್ ಇದ್ದರೆ ಬಿಚ್ಚಿಡಿ. ಟೈರ್‌ಗೆ ಸರಿಯಾಗಿ ಗಾಳಿ ಹೊಡೆಸಿ. ಕೊರೆಯುವ ಚಳಿಯಲ್ಲಿ ನೂರಕ್ಕೆ 20ರಿಂದ 30 ರೇಂಜ್ ಕಳೆದುಹೋಗುವುದು ಮಾಮೂಲು. ಬ್ಯಾಟರಿ ಮಂಕಾಗುತ್ತದೆ, ಮೇಲೆ ಹೀಟರ್ ಬೇರೆ ಉರಿಯುತ್ತದೆ. ಹಿಂದೆ ಟ್ರೈಲರ್ ಕಟ್ಟಿದರೆ ರೇಂಜ್ ಅರ್ಧ ಅಂತಲೇ ಹಿಡಿದು ಹೊರಡಿ.

ದಿನಾ ಫುಲ್ ಚಾರ್ಜ್ ಮಾಡಬಹುದಾ?

ಬ್ಯಾಟರಿಯ ಜಾತಿ ನೋಡಿ ಹೇಳಬೇಕು. ನಿಕ್ಕಲ್ ಇರುವ ಎನ್‌ಎಂಸಿ ಬ್ಯಾಟರಿ ಪೂರ್ತಿ ತುಂಬಿಕೊಂಡೇ ದಿನಗಟ್ಟಲೆ ನಿಂತರೆ ಬೇಗ ಸವೆಯುತ್ತದೆ. ದಿನದ ಓಡಾಟಕ್ಕೆ ಚಾರ್ಜ್ ನೂರಕ್ಕೆ 20ರಿಂದ 80ರ ಒಳಗೆ ಇಟ್ಟರೆ ಒಳ್ಳೆಯದು. ಕಬ್ಬಿಣ, ಫಾಸ್ಫೇಟ್ ಇರುವ ಎಲ್‌ಎಫ್‌ಪಿ ಬ್ಯಾಟರಿ ಗಟ್ಟಿ ಜೀವ. ಎಷ್ಟು ಚಾರ್ಜ್ ಉಳಿದಿದೆ ಅಂತ ಮೀಟರ್ ಸರಿಯಾಗಿ ಅಂದಾಜು ಮಾಡಲು ಅದನ್ನು ಆಗಾಗ ನೂರಕ್ಕೆ ಮುಟ್ಟಿಸಬೇಕು. ತಿಂಗಳುಗಟ್ಟಲೆ ಬಳಸುವುದಿಲ್ಲ ಅಂದರೆ ಅರ್ಧ ಚಾರ್ಜ್‌ನಲ್ಲಿ, ತಂಪಾದ ಜಾಗದಲ್ಲಿ ಇಡಿ. ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಲಿಥಿಯಂ ಬ್ಯಾಟರಿಗೆ ಚಾರ್ಜ್ ಹಾಕಬೇಡಿ. ಮೊದಲು ಒಳಗೆ ತಂದು ಬೆಚ್ಚಗಾಗಲು ಬಿಡಿ.

ಮನೆಯ ಪ್ಲಗ್‌ಗೇ ಹಾಕಿದರೆ ಆಗುತ್ತಾ?

ಸೈಕಲ್, ಸ್ಕೂಟರ್‌ಗೆ ಧಾರಾಳವಾಗಿ. ಕಾರಿಗೆ 16 ಆಂಪಿಯರ್ ಸಾಕೆಟ್ ಇದ್ದರೆ 230 ವೋಲ್ಟ್‌ನಲ್ಲಿ ಗಂಟೆಗೆ ಮೂರೂವರೆ ಯೂನಿಟ್ ಹೋಗುತ್ತದೆ. ರಾತ್ರಿ ಎಂಟು ಗಂಟೆ ಬಿಟ್ಟರೆ ನಷ್ಟ ಕಳೆದು 150 ಕಿಲೋಮೀಟರ್‌ಗೆ ಆಗುವಷ್ಟು ತುಂಬುತ್ತದೆ. ಹೆಚ್ಚಿನವರ ದಿನದ ಓಡಾಟ ಇಷ್ಟಿರುವುದಿಲ್ಲ. ಆದರೆ ಆ ಲೈನ್‌ಗೆ ಬೇರೆ ಎಂಸಿಬಿ (ಕರೆಂಟ್ ಅತಿಯಾದರೆ ತಾನೇ ಆಫ್ ಆಗುವ ಸ್ವಿಚ್), ಸರಿಯಾದ ಅರ್ತಿಂಗ್ ಇರಬೇಕು. ಮಿಕ್ಸಿ ಹತ್ತು ನಿಮಿಷ ತಿರುಗುವುದು ಬೇರೆ, ಎಂಟು ಗಂಟೆ ಒಂದೇ ಸಮನೆ 16 ಆಂಪಿಯರ್ ಹರಿಯುವುದು ಬೇರೆ. ಮೊದಲ ಸಲ ಹಾಕಿದಾಗ ಅರ್ಧ ಗಂಟೆ ಬಿಟ್ಟು ಪ್ಲಗ್ ಮುಟ್ಟಿ ನೋಡಿ. ಸುಡುವ ಹಾಗಿದ್ದರೆ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಸಿ. ಸುತ್ತಿಟ್ಟ ಎಕ್ಸ್‌ಟೆನ್ಷನ್ ವೈರ್‌ನಲ್ಲಂತೂ ಕಾರು ಚಾರ್ಜ್ ಮಾಡಲೇಬೇಡಿ.

ಬ್ಯಾಟರಿಗೆ ಬೆಂಕಿ ಹತ್ತುತ್ತಾ?

ಹತ್ತಬಹುದು. ಅಪರೂಪ, ಆದರೆ ಹತ್ತಿದರೆ ಆರಿಸುವುದು ಕಷ್ಟ. ಹೆಚ್ಚಾಗಿ ಹಿಂದೆ ಇರುವ ಕಾರಣ ಬೇರೆ ಗಾಡಿಯ ಚಾರ್ಜರ್, ಬಿದ್ದು ಪೆಟ್ಟಾದ ಬ್ಯಾಟರಿ, ನೀರಲ್ಲಿ ಮುಳುಗಿದ ಬ್ಯಾಟರಿ, ಎಲ್ಲೋ ಬಿಚ್ಚಿ ಜೋಡಿಸಿದ ಅಗ್ಗದ ಸೆಲ್. ಬ್ಯಾಟರಿ ಊದಿಕೊಂಡರೆ, ಬುಸ್ ಅಂದರೆ, ವಿಚಿತ್ರ ವಾಸನೆ ಬಂದರೆ ಅದನ್ನು ಎತ್ತಿ ಸಾಹಸ ಮಾಡಬೇಡಿ. ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋಗಿ, ಅಗ್ನಿಶಾಮಕದವರಿಗೆ ಹೇಳಿ. ಮನೆಯಿಂದ ಹೊರಗೆ ಹೋಗುವ ಒಂದೇ ಬಾಗಿಲಿನ ಪಕ್ಕ ಯಾವತ್ತೂ ಚಾರ್ಜ್ ಹಾಕಬೇಡಿ ಅನ್ನುವುದೂ ಇದಕ್ಕೇ. ಬೆಂಕಿ ಬಿದ್ದರೆ ದಾರಿಯೇ ಮುಚ್ಚಿಹೋಗುತ್ತದೆ.

ಬ್ಯಾಟರಿ ಮಾಡೋದೇ ದೊಡ್ಡ ಮಾಲಿನ್ಯ ಅಲ್ವಾ?

ಸುಳ್ಳಲ್ಲ. ಒಂದು ಯೂನಿಟ್ ಹಿಡಿಸುವ ಬ್ಯಾಟರಿ ತಯಾರಾಗುವಾಗ ಅಂದಾಜು 60ರಿಂದ 100 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. 50 ಯೂನಿಟ್‌ನ ಕಾರಿನ ಬ್ಯಾಟರಿಗೆ ಸುಮಾರು 4 ಟನ್ ಅನ್ನಿ. ಅದು 1,700 ಲೀಟರ್ ಪೆಟ್ರೋಲ್ ಸುಟ್ಟದ್ದಕ್ಕೆ ಸಮ. ಶುದ್ಧ ಕರೆಂಟ್‌ನಲ್ಲಿ ಚೆನ್ನಾಗಿ ಓಡಿಸಿದರೆ ಈ ಸಾಲ ಒಂದೆರಡು ವರ್ಷಗಳಲ್ಲಿ ತೀರುತ್ತದೆ. ಕಾರು ಶೆಡ್‌ನಲ್ಲೇ ನಿಂತಿದ್ದರೆ ತೀರುವುದೇ ಇಲ್ಲ. ಇ-ಸೈಕಲ್ ಬ್ಯಾಟರಿ ಅರ್ಧ ಯೂನಿಟ್‌ನದು. ಅದರ ಸಾಲ 20 ಲೀಟರ್ ಪೆಟ್ರೋಲಿನಷ್ಟು. ಕೆಲವೇ ವಾರಗಳ ಮಾತು.

ಗಾಡಿಗೆ ಸಾಲದಾದ ಬ್ಯಾಟರಿ ಕಸವಲ್ಲ. ಅದರಲ್ಲಿ ಇನ್ನೂ ನೂರಕ್ಕೆ 70ರಷ್ಟು ಜೀವ ಇರುತ್ತದೆ. ಸೋಲಾರ್ ಕರೆಂಟ್ ಹಿಡಿದಿಡಲು ಅದು ಸಾಕು. ಆಮೇಲೆ ಒಡೆದು ಲೋಹ ತೆಗೆಯುತ್ತಾರೆ.

ಬರೀ ಸೋಲಾರ್‌ನಲ್ಲೇ ಓಡಿಸೋಕೆ ಆಗುತ್ತಾ? ಕಾರಿನ ಮೇಲೇ ಪ್ಯಾನೆಲ್ ಹಾಕಿದರೆ?

ಮನೆಯ ಮೇಲೆ ಹಾಕಿ, ಕಾರಿನ ಮೇಲೆ ಬೇಡ. ಒಳ್ಳೆಯ ಬಿಸಿಲಿರುವ ಕಡೆ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ಸ್ಕೂಟರ್‌ಗೆ ಅದು 100 ಕಿಲೋಮೀಟರ್ ದಾಟುವಷ್ಟು, ಕಾರಿಗೆ 25 ಕಿಲೋಮೀಟರ್. ಕಾರಿನ ನೆತ್ತಿಯ ಮೇಲೆ ಹಿಡಿಸುವುದು 400 ವ್ಯಾಟ್ ಇದ್ದರೆ ಹೆಚ್ಚು. ಇಡೀ ದಿನ ಬಿಸಿಲಲ್ಲಿ ನಿಂತರೆ ಹತ್ತು ಕಿಲೋಮೀಟರ್. ಅದಕ್ಕಾಗಿ ನೆರಳು ಬಿಟ್ಟು ಬಿಸಿಲಲ್ಲಿ ನಿಲ್ಲಿಸಿ, ಒಳಗೆ ಕಾದ ಕಾರನ್ನು ತಣ್ಣಗೆ ಮಾಡಲು ಏಸಿ ಹಾಕಿದರೆ ಗಳಿಸಿದ್ದರಲ್ಲಿ ಒಂದು ಪಾಲು ಹೋಯಿತು.

ಮನೆಯ ಮೇಲೆ ಪ್ಯಾನೆಲ್ ಇದ್ದವರು ಮಧ್ಯಾಹ್ನ ಚಾರ್ಜ್ ಹಾಕುವುದು ಒಳ್ಳೆಯದು. ಇಲ್ಲದವರಿಗೂ ಅದೇ ಮಾತು, ಜಾಲದಲ್ಲಿ ಸೋಲಾರ್ ಜಾಸ್ತಿ ಇರುವ ಕಡೆ. ಸಂಜೆ ಎಲ್ಲರೂ ಮನೆಗೆ ಬಂದು ಎಲ್ಲ ಸ್ವಿಚ್ ಹಾಕುವ ಹೊತ್ತಿಗೆ ನೀವೂ ಪ್ಲಗ್ ಚುಚ್ಚಬೇಡಿ. ಜಾಲಕ್ಕೆ ಆಗ ಕಲ್ಲಿದ್ದಲು, ಗ್ಯಾಸ್ ಸುಡುವುದೇ ದಾರಿಯಾಗಿರುತ್ತದೆ.

ಹೈಬ್ರಿಡ್ ಸಾಕಲ್ವಾ?

ಹೈಬ್ರಿಡ್ ಅಂದರೆ ಎಂಜಿನ್ನೂ ಮೋಟರೂ ಎರಡೂ ಇರುವ ಗಾಡಿ. ಪ್ಲಗ್ ಇಲ್ಲದ ಹೈಬ್ರಿಡ್‌ಗೆ ಪೆಟ್ರೋಲೇ ಊಟ, ಕೊಂಚ ಕಡಿಮೆ ತಿನ್ನುತ್ತದೆ ಅಷ್ಟೇ. ಪ್ಲಗ್ ಇರುವ ಹೈಬ್ರಿಡ್ ದಿನಾ ಚಾರ್ಜ್ ಮಾಡುವವರಿಗೆ ಒಳ್ಳೆಯದು. ಚಾರ್ಜ್ ಮಾಡದಿದ್ದರೆ ಬ್ಯಾಟರಿಯೂ ಒಂದು ಲಗೇಜ್. ಯುರೋಪಿನಲ್ಲಿ 2021ರಲ್ಲಿ ರಸ್ತೆಗಿಳಿದ ಪ್ಲಗ್ ಇರುವ ಹೈಬ್ರಿಡ್ ಕಾರುಗಳನ್ನು ಪರಿಶೀಲಿಸಿದಾಗ, ಕಾಗದದಲ್ಲಿ ಹೇಳಿದ್ದಕ್ಕಿಂತ ಮೂರೂವರೆ ಪಟ್ಟು ಇಂಗಾಲ ಉಗುಳುತ್ತಿರುವುದು ಕಂಡುಬಂತು.

ದೋಣಿಗೆ ಎಲೆಕ್ಟ್ರಿಕ್ ಮೋಟರ್ ನಡೆಯುತ್ತಾ?

ನಡೆಯುತ್ತದೆ. ಇದು ಹೊಸದೂ ಅಲ್ಲ. 1881ರಲ್ಲೇ ಫ್ರಾನ್ಸ್‌ನ ಸಂಶೋಧಕ ಗುಸ್ತಾವ್ ಟ್ರೂವೆ ಪ್ಯಾರಿಸ್‌ನ ಸೆನ್ ನದಿಯಲ್ಲಿ ಬ್ಯಾಟರಿ ದೋಣಿ ಓಡಿಸಿದ. ಜರ್ಮನಿಯ ಬವೇರಿಯಾದ ಕೋನಿಗ್ಸೀ ಸರೋವರದಲ್ಲಿ 1909ರಿಂದ ಪ್ರವಾಸಿಗಳನ್ನು ಕರೆದೊಯ್ಯುವುದು ಎಲೆಕ್ಟ್ರಿಕ್ ದೋಣಿಗಳೇ. ನೀರು ತಿಳಿಯಾಗಿರಲಿ, ಸದ್ದು ಇಲ್ಲದಿರಲಿ ಅಂತ ನೂರು ವರ್ಷದ ಹಿಂದೆಯೇ ಯೋಚಿಸಿದ್ದರು.

ದೋಣಿಯ ಹಿಂಬದಿಗೆ ಸಿಕ್ಕಿಸುವ ಹಳೇ ಟು-ಸ್ಟ್ರೋಕ್ ಎಂಜಿನ್ (ಔಟ್‌ಬೋರ್ಡ್) ಇದ್ದವರು ಮೊದಲು ಬದಲಿಸಬೇಕಾದದ್ದು ಇದನ್ನೇ. ಕಾರ್ಬುರೇಟರ್ ಇರುವ ಅಂಥ ಎಂಜಿನ್‌ನಲ್ಲಿ ಹಾಕಿದ ಇಂಧನದ ಕಾಲು ಭಾಗದಷ್ಟು ಉರಿಯದೆ ಹಾಗೇ ಹೊರಗೆ ಹೋಗುತ್ತದೆ. ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆಯ ಪೊರೆ ತೇಲುತ್ತದಲ್ಲ, ಅದರಲ್ಲಿ ಇದರ ಪಾಲೂ ಇದೆ.

ಆದರೆ ನೀರು ಬಹಳ ಕಟ್ಟುನಿಟ್ಟಿನ ಲೆಕ್ಕದವ. ನೀರು ಸೀಳಿಕೊಂಡು ಹೋಗುವ ಸಣ್ಣ ದೋಣಿಯ ವೇಗ ಎರಡು ಪಟ್ಟಾದರೆ ಬೇಕಾಗುವ ಪವರ್ ಸುಮಾರು ಎಂಟು ಪಟ್ಟು. ಒಂದು ಉದಾಹರಣೆ. ನಿಮ್ಮ ದೋಣಿ ಗಂಟೆಗೆ 10 ಕಿಲೋಮೀಟರ್ ಹೋಗಲು 4 ಕಿಲೋವ್ಯಾಟ್ ಬೇಕು, ಬ್ಯಾಟರಿ 2 ಯೂನಿಟ್‌ನದು ಅಂತಿಟ್ಟುಕೊಳ್ಳಿ. ಪೂರ್ತಿ ವೇಗದಲ್ಲಿ ಅರ್ಧ ಗಂಟೆಗೆ ಖಾಲಿ, ಹೋದ ದೂರ 5 ಕಿಲೋಮೀಟರ್. ಅರ್ಧ ವೇಗಕ್ಕೆ ಅರ್ಧ ಕಿಲೋವ್ಯಾಟ್ ಸಾಕು. ನಾಲ್ಕು ಗಂಟೆ ಓಡುತ್ತದೆ, 20 ಕಿಲೋಮೀಟರ್ ಹೋಗುತ್ತದೆ. ಅದೇ ಬ್ಯಾಟರಿ! ಮೀನು ಹಿಡಿಯಲು, ಹಕ್ಕಿ ನೋಡಲು, ಸುಮ್ನೆ ಸಂಜೆ ಸುತ್ತಲು ಹೋಗುವವರಿಗೆ ಇದಕ್ಕಿಂತ ಬೇಕಾ? ನೀರಿನ ಮೇಲೆ ಹಾರುವ ಸ್ಪೀಡ್‌ಬೋಟ್ ಚಾಳಿ ಇದ್ದವರಿಗೆ ಮಾತ್ರ ಈಗಿನ ಬ್ಯಾಟರಿ ಸಾಲುವುದಿಲ್ಲ.

ಹೋಗುವಾಗ ಗಾಳಿ ಹಿಂದಿನಿಂದ ತಳ್ಳುತ್ತಿದ್ದರೆ ಬರುವಾಗ ಅದೇ ಗಾಳಿ ಎದುರಿಗೆ ಇರುತ್ತದೆ ಅನ್ನುವುದನ್ನು ಮರೆಯಬೇಡಿ. ಹುಟ್ಟು ಜೊತೆಗಿರಲಿ. ಲೆಡ್-ಆಸಿಡ್ ಬ್ಯಾಟರಿ ಬಳಸುವವರು ಅರ್ಧಕ್ಕಿಂತ ಕೆಳಗೆ ಖಾಲಿ ಮಾಡದೆ ತಿರುಗಿ ಬನ್ನಿ.

ಕ್ಯಾಂಪಿಂಗ್‌ಗೆ ಜನರೇಟರ್ ಬಿಟ್ಟು ಏನು ಒಯ್ಯಲಿ?

ಒಂದು ಯೂನಿಟ್‌ನ ಪವರ್ ಸ್ಟೇಷನ್ ಪೆಟ್ಟಿಗೆ, ಅಂದರೆ ಸಾಕೆಟ್ ಇರುವ ಕೈಯಲ್ಲಿ ಒಯ್ಯುವ ದೊಡ್ಡ ಬ್ಯಾಟರಿ, ಸಾಕಾಗಬಹುದು. ಒಂದು ಯೂನಿಟ್ ಅಂದರೆ 1,000 ವ್ಯಾಟ್-ಅವರ್. ಇನ್ವರ್ಟರ್ ತಿನ್ನುವುದು ಕಳೆದು ಕೈಗೆ ಸಿಗುವುದು 850 ವ್ಯಾಟ್-ಅವರ್. ಐದು ವ್ಯಾಟ್‌ನ ಎಲ್‌ಇಡಿ ಐದು ಗಂಟೆ ಉರಿದರೆ 25. ಫೋನ್ ಒಂದು ಸಲ ತುಂಬಿಸಲು 15, ಲ್ಯಾಪ್‌ಟಾಪ್‌ಗೆ 60. 12 ವೋಲ್ಟ್‌ನ ಸಣ್ಣ ಫ್ರಿಜ್ ದಿನಕ್ಕೆ 400, 500 ತಿನ್ನುತ್ತದೆ, ದೊಡ್ಡ ಬಾಯಿ ಅದೇ. ಒಂದು ಲೀಟರ್ ನೀರು ಕುದಿಸಲು 100ಕ್ಕೂ ಮೇಲೆ. ರೂಮ್ ಹೀಟರ್ ಮಾತ್ರ ಬೇಡವೇ ಬೇಡ, ಅರ್ಧ ಗಂಟೆಯಲ್ಲಿ ಪೆಟ್ಟಿಗೆ ಖಾಲಿ. ಚಳಿಗೆ ಒಳ್ಳೆಯ ಸ್ಲೀಪಿಂಗ್ ಬ್ಯಾಗ್ ಒಯ್ಯಿರಿ.

100 ವ್ಯಾಟ್ ಅಂತ ಬರೆದ ಮಡಚುವ ಪ್ಯಾನೆಲ್ ನಿಜಕ್ಕೂ ಕೊಡುವುದು 60, 70. ಐದು ಗಂಟೆ ಬಿಸಿಲು ಸಿಕ್ಕರೆ 300 ವ್ಯಾಟ್-ಅವರ್ ಬಂತು. ಮರದ ನೆರಳು ಒಂದು ಮೂಲೆಗೆ ಬಿದ್ದರೂ ಅದೂ ಇಲ್ಲ.

ಜನರೇಟರ್‌ಗೆ ಹೋಲಿಸಿದರೆ ಇದು ಕಡಿಮೆ ಅನ್ನಿಸಬಹುದು. ಆದರೆ ಜನರೇಟರ್ ಒಂದು ಬಲ್ಬ್ ಉರಿಸಲು ಕೂಡ ಎಂಜಿನ್ ತಿರುಗಿಸುತ್ತಲೇ ಇರಬೇಕು. ಇಲಿ ಹಿಡಿಯಲು ಬೆಟ್ಟ ಅಗೆದ ಹಾಗೆ. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಟೆಂಟ್ ಹತ್ತಿರ, ಗಾಡಿಯೊಳಗೆ ಯಾವತ್ತೂ ಓಡಿಸಬೇಡಿ. ಇನ್ನು ಎಲೆಕ್ಟ್ರಿಕ್ ಕಾರಿನಲ್ಲಿ ಹೊರಗೆ ಕರೆಂಟ್ ಕೊಡುವ ಸಾಕೆಟ್ ಇದ್ದರೆ ಪೆಟ್ಟಿಗೆಯೂ ಬೇಡ. ವಾಪಸ್ ಬರಲು ಎಷ್ಟು ಬೇಕೋ ಅಷ್ಟು ಮೀಸಲಿಟ್ಟು ಉಳಿದದ್ದು ಬಳಸಿ.

ಗುಡ್ಡದ ಬೈಕ್, ಗೋ-ಕಾರ್ಟ್, ನೀರಿನ ಸ್ಕೂಟರ್?

ಗೋ-ಕಾರ್ಟ್‌ಗೆ ಕರೆಂಟ್ ಹೇಳಿ ಮಾಡಿಸಿದ ಹಾಗಿದೆ. ಓಟ ಹತ್ತು ನಿಮಿಷದ್ದು, ಪ್ಲಗ್ ಪಕ್ಕದಲ್ಲೇ ಇರುತ್ತದೆ, ಮುಚ್ಚಿದ ಹಾಲ್‌ನಲ್ಲಿ ಹೊಗೆ ಇಲ್ಲ. ಗುಡ್ಡದ ಬೈಕ್ ಕೂಡ ಪರವಾಗಿಲ್ಲ. ಕೂಡಲೇ ಸಿಗುವ ಎಳೆತ ಏರಿನಲ್ಲಿ ಮಜಾ ಕೊಡುತ್ತದೆ. ಸದ್ದಿಲ್ಲದ್ದು ಒಳ್ಳೆಯದೇ, ಆದರೆ ಎದುರಿಗೆ ನಡೆದು ಬರುವವರಿಗೆ ನೀವು ಬರುವುದು ಕೇಳಿಸುವುದಿಲ್ಲ. ಬೆಲ್ ಇರಲಿ. ನೀರಿನ ಸ್ಕೂಟರ್ (ಜೆಟ್ ಸ್ಕೀ) ಮಾತ್ರ ವೇಗದ ಆಟ, ಬ್ಯಾಟರಿ ಬೇಗ ಬರಿದಾಗುತ್ತದೆ.

ಹಾರಾಟ?

ಒಂದು ಕಿಲೋ ಪೆಟ್ರೋಲ್‌ನಲ್ಲಿ 12 ಯೂನಿಟ್ ಶಕ್ತಿ. ಒಂದು ಕಿಲೋ ಬ್ಯಾಟರಿಯಲ್ಲಿ 0.2ರ ಆಸುಪಾಸು. ರಸ್ತೆಯಲ್ಲಿ ನಡೆಯುವ ಈ ಭಾರ ಆಕಾಶದಲ್ಲಿ ನಡೆಯುವುದಿಲ್ಲ. ಆದರೂ ಎರಡು ಸೀಟಿನ ಪಿಪಿಸ್ಟ್ರೆಲ್ ವೆಲಿಸ್ ಎಲೆಕ್ಟ್ರೊಗೆ 2020ರ ಜೂನ್‌ನಲ್ಲಿ ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ಪೂರ್ತಿ ಎಲೆಕ್ಟ್ರಿಕ್ ವಿಮಾನಕ್ಕೆ ಅದೇ ಮೊದಲು. ಪೈಲಟ್ ತರಬೇತಿಯ ಸಣ್ಣ ಸುತ್ತಿಗೆ ಸಾಕು.

ಇ-ಸೈಕಲ್ ಅನ್ನು ವಿಮಾನದಲ್ಲಿ ರಜೆಗೆ ಒಯ್ಯಬಹುದಾ?

ಸೈಕಲ್ ಒಯ್ಯಬಹುದೇನೋ, ಬ್ಯಾಟರಿ ಆಗುವುದಿಲ್ಲ. ಪ್ರಯಾಣಿಕರು ಬಿಡಿ ಲಿಥಿಯಂ ಬ್ಯಾಟರಿ ಒಯ್ಯಲು 100 ವ್ಯಾಟ್-ಅವರ್ ಮಿತಿ, ಅದೂ ಕೈಚೀಲದಲ್ಲಿ. ವಿಮಾನ ಕಂಪನಿ ಒಪ್ಪಿದರೆ 160ರವರೆಗೆ. ಸೈಕಲ್ ಬ್ಯಾಟರಿ 400, 500 ಇರುತ್ತದೆ. ರೈಲಿನಲ್ಲಿ ಹೋಗಿ, ಇಲ್ಲವೇ ಅಲ್ಲಿಯೇ ಬಾಡಿಗೆಗೆ ತೆಗೆದುಕೊಳ್ಳಿ.

ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಾಡಿ ಕೊಳ್ಳಬಹುದಾ?

ಕೊಳ್ಳಿ, ಬ್ಯಾಟರಿ ನೋಡಿ ಕೊಳ್ಳಿ. ಬಣ್ಣ, ಸೀಟು ಆಮೇಲೆ. ಬ್ಯಾಟರಿಯಲ್ಲಿ ಮೊದಲಿನ ಎಷ್ಟು ಪಾಲು ಉಳಿದಿದೆ ಅನ್ನುವ ರಿಪೋರ್ಟ್ ಕೇಳಿ. ರಿಪೋರ್ಟ್ ಇಲ್ಲದಿದ್ದರೆ ಫುಲ್ ಚಾರ್ಜ್ ಮಾಡಿಸಿ, ಅರ್ಧದವರೆಗೆ ಓಡಿಸಿ, ಎಷ್ಟು ಕಿಲೋಮೀಟರ್ ಬಂತು ಅಂತ ಬರೆದುಕೊಳ್ಳಿ. ಅದನ್ನು ಎರಡರಿಂದ ಗುಣಿಸಿದರೆ ಹೆಚ್ಚುಕಡಿಮೆ ನಿಜವಾದ ರೇಂಜ್ ಸಿಗುತ್ತದೆ. ಚಾರ್ಜರ್ ಗಾಡಿಯ ಜೊತೆ ಬಂದದ್ದೇ ಹೌದಾ, ನೀರು ನುಗ್ಗಿದ ಗುರುತು ಇದೆಯಾ, ಇನ್ನೊಂದು ಬ್ಯಾಟರಿ ಬೇಕಾದರೆ ಈಗಲೂ ಸಿಗುತ್ತದಾ ಅಂತ ವಿಚಾರಿಸಿ. ‘ಓಡಿಸಿ ನೋಡೋದೇನೂ ಬೇಡ, ಚೆನ್ನಾಗಿದೆ’ ಅನ್ನುವವರ ಹತ್ತಿರ ಕೊಳ್ಳಬೇಡಿ.